ವಂಡರ್ ವುಮನ್ ವೇಷಕ್ಕೆ ಹತ್ತಿಯೋ, ಲೈಕ್ರಾವೋ, ಸ್ಯಾಟಿನೋ?

ಮಗಳ ವಂಡರ್ ವುಮನ್ (ಕಾಮಿಕ್ಸ್‌ನ ಸೂಪರ್ ನಾಯಕಿ) ವೇಷಕ್ಕೆ ಬಿಳಿ ಬಟ್ಟೆ ತಂದು ನಾನೇ ಬಣ್ಣ ಹಾಕಲಾ ಅಂತ ಕುಂಬಳೆಯ ಗೆಳತಿ ಕೇಳಿದ್ದಳು. ಕೆಂಪು ಮೇಲಂಗಿ, ನೀಲಿ ಲಂಗ, ಅಷ್ಟೇ ಅಲ್ವಾ ಅಂದಳು. ಅಷ್ಟೇ ಅಲ್ಲ ಮಾರಾಯ್ತಿ, ಬಟ್ಟೆ ಯಾವುದು ಅಂತಲೂ ನೋಡಬೇಕು!

ಬಣ್ಣ ಹಾಕಲು ಹತ್ತಿ ಸುಲಭ. ರಿಯಾಕ್ಟಿವ್ ಡೈ (ಹತ್ತಿಯ ನೂಲಿಗೆ ಗಟ್ಟಿಯಾಗಿ ಹಿಡಿಯುವ ಬಣ್ಣ), ಉಪ್ಪು, ವಾಷಿಂಗ್ ಸೋಡಾ ಇದ್ದರೆ ಬಕೆಟ್‌ನಲ್ಲೇ ಆಗುತ್ತದೆ, ಒಲೆ ಬೇಡ. ಆದರೆ ಮೊದಲು ಒಗೆದು ಗಂಜಿ ತೆಗೆಯಬೇಕು. ನಾನೊಮ್ಮೆ ಸೋಮಾರಿತನದಿಂದ ಹಾಗೇ ಅದ್ದಿದೆ. ನೀಲಿ ಲಂಗದ ತುಂಬಾ ಬಿಳಿ ಮಚ್ಚೆ ಉಳಿಯಿತು.

ನೈಲಾನ್ ಲೈಕ್ರಾಕ್ಕೆ (ಎಳೆದರೆ ಹಿಗ್ಗುವ ಬಟ್ಟೆ) ಆಸಿಡ್ ಡೈ (ಹುಳಿ ಸೇರಿದಾಗ ನೈಲಾನ್‌ಗೆ ಹಿಡಿಯುವ ಬಣ್ಣ), ವಿನೆಗರ್, ಬಿಸಿನೀರು ಬೇಕು. ತುಂಬಾ ಹೊತ್ತು ಕುದಿಸಿದರೆ ಎಳೆತ ಹೋಗುತ್ತದೆ. ಪಾಲಿಸ್ಟರ್ ಸ್ಯಾಟಿನ್‌ಗೆ ಮನೆಯಲ್ಲಿ ಬಣ್ಣ ಹಾಕುವುದು ಸುಮ್ನೆ ರಗಳೆ. ಬಣ್ಣದ್ದೇ ಕೊಳ್ಳುವುದು ಒಳ್ಳೆಯದು.

ಹೊಲಿಯಲೂ ಹತ್ತಿಯೇ ಸಲೀಸು. ಸ್ಯಾಟಿನ್ ಜಾರುತ್ತದೆ, ಅಂಚಿನಲ್ಲಿ ನೂಲು ಬಿಡುತ್ತದೆ. ಲೈಕ್ರಾಕ್ಕೆ ಬಾಲ್ ಪಾಯಿಂಟ್ ಸೂಜಿ (ತುದಿ ಉರುಟಾಗಿರುವುದು), ಜಿಗ್‌ಜಾಗ್ (ಅಂಕುಡೊಂಕು) ಹೊಲಿಗೆ ಬೇಕು. ಇಲ್ಲದಿದ್ದರೆ ಮಗು ಕೈ ಎತ್ತಿದ ಕೂಡಲೇ ದಾರ ಟಕ್ ಅಂತ ಕಡಿಯುತ್ತದೆ.

ಶಾಲೆಯ ಛದ್ಮವೇಷಕ್ಕೆ ಒಂದು ದಿನ ಸಾಕೆಂದರೆ ಸ್ಯಾಟಿನ್. ನಮ್ಮ ಕಾಸರಗೋಡಿನ ಸೆಕೆಯಲ್ಲಿ ದಿನಾ ಹಾಕಿ ಆಡುವುದಾದರೆ ಹತ್ತಿ. ಮೈಗೆ ಅಂಟಿ ಅಸಲಿನಂತೆಯೇ ಕಾಣಬೇಕು, ಜಿಗ್‌ಜಾಗ್ ಮಿಷಿನ್ ಕೂಡ ಇದೆ ಅಂದರೆ ಲೈಕ್ರಾ.