ಇನ್‌ಸ್ಪೆಕ್ಷನ್‌ನಲ್ಲಿ ಪಾಸ್, ಅಸೆಂಬ್ಲಿಯಲ್ಲಿ ಫೇಲ್: ಡ್ರಾಯಿಂಗ್‌ಗೆ ಟಾಲರೆನ್ಸ್ ಹಾಕುವವರಿಗೆ ಎಚ್ಚರಿಕೆ

ಪ್ರೆಸಿಷನ್ ಜಾಬ್‌ಗಳ ಡ್ರಾಯಿಂಗ್‌ಗೆ ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವ ಮಿತಿ) ಹಾಕುವವರು ಆರ್ಡರ್ ಕೊಡುವ ಮುಂಚೆ ಇದನ್ನು ಓದಿಕೊಳ್ಳಿ. ಅಲ್ಯೂಮಿನಿಯಂ ಹೌಸಿಂಗ್‌ಗಳ ಇಡೀ ಬ್ಯಾಚ್, ಇನ್‌ಸ್ಪೆಕ್ಷನ್ ರಿಪೋರ್ಟ್‌ನಲ್ಲಿ ಒಂದೇ ಒಂದು ತಪ್ಪಿಲ್ಲದೆ ಪಾಸಾಗಿ ಬಂದಿತ್ತು. ಅಸೆಂಬ್ಲಿಗೆ ಕೂತರೆ ಬೇರಿಂಗ್ ಅದು ಕೂರುವ ತೂತಿಗೆ, ಅಂದರೆ ಬೋರ್‌ಗೆ, ಇಳಿಯುತ್ತಿಲ್ಲ, ಕವರ್‌ನ ಬೋಲ್ಟ್‌ಗಳು ತೂತಿಗೆ ಸಿಗುತ್ತಿಲ್ಲ. ಮಷಿನ್ ಶಾಪ್‌ನವರು ಡ್ರಾಯಿಂಗ್‌ನಲ್ಲಿ ಇದ್ದದ್ದನ್ನೇ ಮಾಡಿದ್ದರು. ತಪ್ಪು ಇದ್ದದ್ದು ಡ್ರಾಯಿಂಗ್‌ನಲ್ಲಿ.

ಮೊದಲು ಬೋರ್ ವಿಷಯ. ಕೂರಬೇಕಾದದ್ದು 6205 ಬೇರಿಂಗ್, ಹೊರ ವ್ಯಾಸ 52 ಮಿ.ಮೀ. ಕೈಯಲ್ಲಿ ಒತ್ತಿದರೆ ಕೂರಲಿ ಅಂತ ಬೋರ್‌ಗೆ 52 ಎಚ್7 ಅನ್ನುವ ಟಾಲರೆನ್ಸ್ ಕೊಟ್ಟಿತ್ತು, ಅಂದರೆ 52.000ರಿಂದ 52.030. ಸಾಮಾನ್ಯ ದರ್ಜೆಯ ಬೇರಿಂಗ್‌ನ ಹೊರ ವ್ಯಾಸ 51.987ರಿಂದ 52.000ರ ಒಳಗಿರುತ್ತದೆ. ಫಿಟ್ ಆರಿಸಿದ್ದರಲ್ಲಿ ದೋಷವೇನೂ ಇಲ್ಲ. ಆದರೆ ನೋಟ್ಸ್ ಜಾಗದಲ್ಲಿ ‘ಹಾರ್ಡ್ ಅನೋಡೈಸಿಂಗ್ 50 ಮೈಕ್ರಾನ್’ ಅಂತ ಮಾತ್ರ ಇತ್ತು, ಅಂದರೆ ಅಲ್ಯೂಮಿನಿಯಂ ಮೈಮೇಲೆ ಬೆಳೆಸುವ ಗಟ್ಟಿ ಆಕ್ಸೈಡ್ ಪದರ, ದಪ್ಪ 0.050 ಮಿ.ಮೀ. ಬರೆದ ಅಳತೆ ಕೋಟಿಂಗ್‌ಗೆ ಮುಂಚಿನದೋ ಆಮೇಲಿನದೋ ಅನ್ನುವುದು ಎಲ್ಲೂ ಇರಲಿಲ್ಲ. ಶಾಪ್‌ನವರು ಕೋಟಿಂಗ್‌ಗೆ ಕಳಿಸುವ ಮುಂಚೆ ಅಳೆದರು, ಎಲ್ಲ ಸರಿ ಇತ್ತು, ಅದನ್ನೇ ರಿಪೋರ್ಟ್‌ನಲ್ಲಿ ಬರೆದರು.

ಹಾರ್ಡ್ ಅನೋಡೈಸಿಂಗ್‌ನ ಪದರ ಸುಮಾರು ಅರ್ಧ ಲೋಹದೊಳಕ್ಕೆ ಇಳಿಯುತ್ತದೆ, ಇನ್ನರ್ಧ ಮೇಲಕ್ಕೆ ಬೆಳೆಯುತ್ತದೆ. 50 ಮೈಕ್ರಾನ್ ಪದರ ಅಂದರೆ ಒಂದು ಮೈಗೆ 25 ಮೈಕ್ರಾನ್ ಬೆಳವಣಿಗೆ. ಬೋರ್‌ಗೆ ಎದುರುಬದುರು ಎರಡು ಮೈ, ಹಾಗಾಗಿ ವ್ಯಾಸದಲ್ಲಿ 50 ಮೈಕ್ರಾನ್ ಹೋಯಿತು. ಬೋರ್ 51.950ರಿಂದ 51.980ಕ್ಕೆ ಇಳಿಯಿತು. ಕೈಯಲ್ಲಿ ಕೂರಬೇಕಾದ ಕಡೆ 7ರಿಂದ 50 ಮೈಕ್ರಾನ್‌ವರೆಗೆ ಬಿಗಿ. ಪ್ರೆಸ್‌ನಲ್ಲಿ ಒತ್ತಿ ಕೂರಿಸಿದರಾಯಿತು ಅಂದುಕೊಳ್ಳಬೇಡಿ. ಈ ಬೇರಿಂಗ್‌ನ ಒಳಗಿನ ರೇಡಿಯಲ್ ಕ್ಲಿಯರೆನ್ಸ್ ಸಾಮಾನ್ಯವಾಗಿ 5ರಿಂದ 20 ಮೈಕ್ರಾನ್ ಅಷ್ಟೆ. ಹೊರ ರಿಂಗ್ ಅಷ್ಟು ಬಿಗಿಯಲ್ಲಿ ಕುಗ್ಗಿದರೆ ಬಾಲ್‌ಗಳಿಗೆ ಆಡಲು ಜಾಗವೇ ಉಳಿಯುವುದಿಲ್ಲ. ತಿರುಗಿಸಿದಾಗಲೇ ಗಡುಸು ಗೊತ್ತಾಗುತ್ತದೆ, ಓಡಿಸಿದರೆ ಬಿಸಿಯಾಗಿ ಬೇಗ ಕೆಡುತ್ತದೆ.

ಸರಿಯಾದ ಕ್ರಮ ಇದು: ‘ಎಲ್ಲ ಅಳತೆಗಳೂ ಕೋಟಿಂಗ್ ಆದ ನಂತರದವು’ ಅಂತ ಒಂದು ಸಾಲು ಬರೆಯಿರಿ, ಜೊತೆಗೆ ಪದರದ ದಪ್ಪಕ್ಕೂ ಟಾಲರೆನ್ಸ್ ಕೊಡಿ. 50±5 ಮೈಕ್ರಾನ್ ಅಂದರೆ ವ್ಯಾಸದಲ್ಲಿ 45ರಿಂದ 55 ಮೈಕ್ರಾನ್ ಕಡಿಮೆಯಾಗುತ್ತದೆ. ಆಗ ಮಷಿನಿಂಗ್‌ನಲ್ಲಿ ಬೋರ್ 52.055ರಿಂದ 52.075ರೊಳಗೆ ಬರಬೇಕು. ಗಮನಿಸಿ, ನೀವು ಕೊಟ್ಟದ್ದು 30 ಮೈಕ್ರಾನ್, ಮಷಿನಿಸ್ಟ್‌ಗೆ ಸಿಕ್ಕಿದ್ದು 20. ಉಳಿದ 10 ಕೋಟಿಂಗ್‌ನ ಏರಿಳಿತಕ್ಕೇ ಹೋಯಿತು. ಅದು ಕಷ್ಟ ಅನ್ನಿಸಿದರೆ ಬೋರ್‌ಗೆ ಮಾಸ್ಕಿಂಗ್ (ಕೋಟಿಂಗ್ ತಾಗದ ಹಾಗೆ ಮುಚ್ಚುವುದು) ಹೇಳಿ, ಯಾವ ಮೈಗೆ ಅಂತ ಡ್ರಾಯಿಂಗ್‌ನಲ್ಲೇ ದಪ್ಪ ಗೆರೆಯಲ್ಲಿ ಗುರುತು ಹಾಕಿ. ಎಲೆಕ್ಟ್ರೋಲೆಸ್ ನಿಕಲ್‌ನಲ್ಲಿ ಪದರ ಪೂರ್ತಿ ಮೇಲಕ್ಕೇ ಬೆಳೆಯುವುದರಿಂದ, 25 ಮೈಕ್ರಾನ್ ಕೋಟಿಂಗ್‌ಗೂ ಬೋರ್ ಅಷ್ಟೇ, ಅಂದರೆ 50 ಮೈಕ್ರಾನ್, ಕುಗ್ಗುತ್ತದೆ.

ಥ್ರೆಡ್‌ಗಳಲ್ಲಿ ಇದು ಇನ್ನೂ ಜೋರು. 60 ಡಿಗ್ರಿ ಥ್ರೆಡ್‌ನ ಪಿಚ್ ವ್ಯಾಸ (ಹಲ್ಲಿನ ನಡುಮಟ್ಟದಲ್ಲಿ ಅಳೆಯುವ ವ್ಯಾಸ), ಮೈಮೇಲಿನ ಬೆಳವಣಿಗೆಯ ನಾಲ್ಕು ಪಟ್ಟು ಬದಲಾಗುತ್ತದೆ. 25 ಮೈಕ್ರಾನ್ ಬೆಳೆದರೆ 100 ಮೈಕ್ರಾನ್. ಎಂ6 ಟ್ಯಾಪ್ ತೂತಿಗೆ (ಒಳಗೆ ಥ್ರೆಡ್ ಕೊರೆದ 6 ಮಿ.ಮೀ. ತೂತು) ಸಾಮಾನ್ಯವಾಗಿ ಕೊಡುವ 6ಎಚ್ ದರ್ಜೆಯಲ್ಲಿ ಪಿಚ್ ವ್ಯಾಸದ ಟಾಲರೆನ್ಸ್ ಒಟ್ಟು 150 ಮೈಕ್ರಾನ್. ಮೂರರಲ್ಲಿ ಎರಡು ಪಾಲು ಅಲ್ಲೇ ಮುಗಿಯಿತು. ಟ್ಯಾಪ್ ತೂತುಗಳಿಗೆ ಪ್ಲಗ್ ಹಾಕಿ ಕೋಟಿಂಗ್ ಮಾಡಲು ಬರೆಯದಿದ್ದರೆ ಬೋಲ್ಟ್ ಅರ್ಧಕ್ಕೇ ನಿಲ್ಲುತ್ತದೆ.

ಈಗ ಕವರ್. ಐದು ತೂತು ಒಂದೇ ಸಾಲಿನಲ್ಲಿ, ಒಂದರಿಂದ ಇನ್ನೊಂದಕ್ಕೆ 45 ಮಿ.ಮೀ. ಅಂತ ಸರಪಳಿಯ ಹಾಗೆ ಅಳತೆ ಹಾಕಿತ್ತು. ಟಾಲರೆನ್ಸ್ ಬರೆದಿರಲಿಲ್ಲ, ಟೈಟಲ್ ಬ್ಲಾಕ್‌ನಲ್ಲಿ ಐಎಸ್‌ಒ 2768-ಎಂ (ಟಾಲರೆನ್ಸ್ ಬರೆಯದ ಅಳತೆಗಳಿಗೆ ಅನ್ವಯಿಸುವ ಸಾಮಾನ್ಯ ಮಿತಿಗಳ ಮಾನದಂಡ) ಇತ್ತು, ಅದರ ಪ್ರಕಾರ 30ರಿಂದ 120 ಮಿ.ಮೀ.ವರೆಗೆ ±0.3. ನಾಲ್ಕು ಪಿಚ್ ಕೂಡಿದರೆ ಮೊದಲ ತೂತಿನಿಂದ ಐದನೆಯದಕ್ಕೆ ±1.2. ಹೌಸಿಂಗ್‌ನಲ್ಲೂ ಹಾಗೇ. ಎಂ6 ಬೋಲ್ಟ್‌ಗೆ 6.6 ತೂತು ಕೊಟ್ಟರೆ ಇರುವ ಸಡಿಲ 0.6 ಮಾತ್ರ. ಕೂಡುವುದು ಹೇಗೆ?

ಇಲ್ಲಿ ಬೇಕಾದದ್ದು ಪೊಸಿಷನ್ ಟಾಲರೆನ್ಸ್, ಅಂದರೆ ತೂತಿನ ಕೇಂದ್ರ ಸರಿಯಾದ ಜಾಗದ ಸುತ್ತ ಎಷ್ಟು ಅಗಲದ ವೃತ್ತದೊಳಗಿರಬೇಕು ಅನ್ನುವ ಮಿತಿ. ಒಂದು ಕಡೆ ಟ್ಯಾಪ್, ಇನ್ನೊಂದು ಕಡೆ ಸಡಿಲ ತೂತು ಇರುವಾಗ ಸಡಿಲವನ್ನು ಎರಡೂ ಪಾರ್ಟ್‌ಗೆ ಹಂಚಬೇಕು: 6.6ರಲ್ಲಿ 6 ಕಳೆದರೆ 0.6, ತಲಾ ⌀0.3. ಎಲ್ಲ ತೂತುಗಳ ಜಾಗವನ್ನೂ ಒಂದೇ ಡೇಟಮ್‌ಗಳಿಂದ (ಅಳತೆ ಶುರುವಾಗುವ ಆಧಾರ ಮೈಗಳಿಂದ) ಹೇಳಿ. ಆ ಡೇಟಮ್‌ಗಳು ಅಸೆಂಬ್ಲಿಯಲ್ಲಿ ನಿಜವಾಗಿ ಒಂದಕ್ಕೊಂದು ಕೂರುವ ಮೈ ಮತ್ತು ಬೋರ್ ಆಗಿರಲಿ, ಡ್ರಾಯಿಂಗ್‌ನಲ್ಲಿ ಕೈಗೆ ಸಿಕ್ಕಿದ ಅಂಚಲ್ಲ. ಕವರ್ ದಪ್ಪವಿದ್ದರೆ ಟ್ಯಾಪ್ ಸ್ವಲ್ಪ ವಾಲಿದರೂ ಬೋಲ್ಟ್ ಮೇಲೆ ಹೋಗುತ್ತಾ ಅಡ್ಡ ಸರಿಯುತ್ತದೆ. ಅಲ್ಲಿ ಪ್ರೊಜೆಕ್ಟೆಡ್ ಝೋನ್ ಕೊಡಿ, ಅಂದರೆ ಪೊಸಿಷನ್ ಮಿತಿಯನ್ನು ಟ್ಯಾಪ್ ತೂತಿನಿಂದ ಹೊರಗೆ ಕವರ್‌ನ ದಪ್ಪದುದ್ದಕ್ಕೂ ಅನ್ವಯಿಸಿ. ಹಳೆಯ ಟೆಂಪ್ಲೇಟ್‌ಗಳಲ್ಲಿ 2768-ಎಂಕೆ ಅಂತ ಇರುತ್ತದೆ. ಆಕಾರದ ಟಾಲರೆನ್ಸ್ ಹೇಳುವ ಅದರ ಎರಡನೇ ಭಾಗವನ್ನು 2021ರಲ್ಲಿ ಹಿಂತೆಗೆದುಕೊಂಡು ಐಎಸ್‌ಒ 22081 ತಂದಿದ್ದಾರೆ. ಕೊನೆಯ ‘ಕೆ’ ಅನ್ನುವ ಆ ಒಂದಕ್ಷರವನ್ನು ನಂಬಿ ಕೂರಬೇಡಿ.

ಇನ್ನೊಂದು, ಕಣ್ಣಿಗೇ ಕಾಣದ ತೊಂದರೆ. ತೆಳು ಗೋಡೆಯ ಹೌಸಿಂಗನ್ನು ಮೂರು ದವಡೆಯ ಚಕ್‌ನಲ್ಲಿ ಬಿಗಿದು ಬೋರ್ ಮಾಡಿದರೆ, ಬಿಚ್ಚಿದ ಕೂಡಲೇ ಲೋಹ ಹಿಂದಕ್ಕೆ ಸರಿದು ಬೋರ್ ಮೂರು ಮೂಲೆಯಾಗುತ್ತದೆ. ಎರಡು ಬಿಂದುವಿನಲ್ಲಿ ಮುಟ್ಟುವ ಬೋರ್ ಗೇಜ್ ಇಟ್ಟು ಎತ್ತ ತಿರುಗಿಸಿದರೂ ವ್ಯಾಸ ಹೆಚ್ಚುಕಡಿಮೆ ಒಂದೇ ತೋರಿಸುತ್ತದೆ. ಟಾಲರೆನ್ಸ್‌ಗಳನ್ನು ಹೇಗೆ ಓದಬೇಕು ಅನ್ನುವ ಮಾನದಂಡ ಐಎಸ್‌ಒ 8015ರ ಪ್ರಕಾರ ಅಳತೆ ಬೇರೆ, ಆಕಾರ ಬೇರೆ. ಹೇಳದಿದ್ದರೆ ಎಚ್7 ಆಕಾರವನ್ನು ಕಾಯುವುದಿಲ್ಲ. ಬೇರಿಂಗ್ ಕೂರುವ ಕಡೆ ಸಿಲಿಂಡ್ರಿಸಿಟಿ (ಸಿಲಿಂಡರ್ ಆಕಾರದ ಮಿತಿ) 0.01 ಅಂತ ಬೇರೆಯಾಗಿ ಕೊಡಿ. ಜಾರುವ ಶಾಫ್ಟ್‌ಗಳಿಗೆ, ವೃತ್ತದೊಳಗಿನ ಇ ಗುರುತು (ಅಳತೆಯ ಮಿತಿಯೊಳಗೇ ಆಕಾರವೂ ಇರಬೇಕು ಅನ್ನುವ ಗುರುತು) ಹಾಕಿದರೆ ಬಾಗಿದ ಶಾಫ್ಟ್ ಮೈಕ್ರೋಮೀಟರ್‌ನಿಂದ ತಪ್ಪಿಸಿಕೊಂಡು ಬರುವುದಿಲ್ಲ.

ಇಂಥದ್ದು ಒಮ್ಮೆ ಆದ ಮೇಲೆ ಹೆದರಿ ಎಲ್ಲ ಅಳತೆಗೂ ±0.01 ಹಾಕಿಬಿಡುವವರಿದ್ದಾರೆ. ದಯವಿಟ್ಟು ಬೇಡ. ಯಾವುದಕ್ಕೂ ತಾಗದ ಹೊರ ಮೈಗೂ ಗ್ರೈಂಡಿಂಗ್ ಆಗಿ ಖರ್ಚು ಏರುತ್ತದೆ. ಅದಕ್ಕಿಂತ ಕೆಟ್ಟದ್ದು, ನಿಜಕ್ಕೂ ಮುಖ್ಯವಾದ ನಾಲ್ಕು ಅಳತೆ ಯಾವುದು ಅನ್ನುವುದೇ ಮಷಿನಿಸ್ಟ್‌ಗೆ ಗೊತ್ತಾಗುವುದಿಲ್ಲ. ಡ್ರಾಯಿಂಗ್‌ನ ಅಳತೆಗಳು 20 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ. 120 ಮಿ.ಮೀ. ಅಲ್ಯೂಮಿನಿಯಂ ಪಾರ್ಟ್ 30 ಡಿಗ್ರಿಯಲ್ಲಿ ಸುಮಾರು 0.028 ಉದ್ದವಾಗಿರುತ್ತದೆ. ±0.01 ಬರೆದವರು ಎಲ್ಲಿ, ಯಾವುದರಿಂದ ಅಳೆಯುತ್ತಾರೆ ಅಂತಲೂ ಯೋಚಿಸಬೇಕು. 0.02 ಲೀಸ್ಟ್ ಕೌಂಟ್‌ನ (ಓದಬಹುದಾದ ಅತಿ ಸಣ್ಣ ಅಳತೆ) ವರ್ನಿಯರ್‌ನಲ್ಲಿ ಅದು ಆಗದ ಕೆಲಸ.

ಬ್ಯಾಚ್ ಈಗಾಗಲೇ ಅನೋಡೈಸ್ ಆಗಿ ಬಂದಿದ್ದರೆ ರೀಮರ್ (ತೂತನ್ನು ಕೆರೆದು ದೊಡ್ಡದು ಮಾಡುವ ಟೂಲ್) ಹಾಕಲು ಹೋಗಬೇಡಿ. ಪದರ ಗಟ್ಟಿ, ಟೂಲ್ ಹಾಳಾಗುತ್ತದೆ, ಬೋರ್‌ನ ಕೋಟಿಂಗೂ ಹೋಗುತ್ತದೆ. ಪದರ ತೆಗೆಸಿ ಮತ್ತೆ ಹಾಕಿಸುವ ದಾರಿ ಇದೆ. ಪದರದ ಜೊತೆ ಒಳಗೆ ಇಳಿದಿದ್ದ ಅರ್ಧವೂ ಹೋಗುವುದರಿಂದ ಬೋರ್ ಮೂಲ ಅಳತೆಗಿಂತ ಸುಮಾರು 50 ಮೈಕ್ರಾನ್ ದೊಡ್ಡದಾಗುತ್ತದೆ, ಮರುಕೋಟಿಂಗ್ ಅದನ್ನು ಮತ್ತೆ ಎಚ್7ರ ಹತ್ತಿರಕ್ಕೆ ತರುತ್ತದೆ. ಕಾಸ್ಟಿಕ್ ದ್ರಾವಣ ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ, ಫಾಸ್ಫಾರಿಕ್-ಕ್ರೋಮಿಕ್ ಆಮ್ಲದಲ್ಲಿ ತೆಗೆಯಲು ಹೇಳಿ. ಮೊದಲು ಒಂದೇ ಪೀಸ್ ಮಾಡಿಸಿ. ಪದರ ತೆಗೆದ ಮೇಲೆ ಪ್ರತಿ ಬೋರನ್ನೂ ಅಳೆದು, 52.055ರಿಂದ 52.075ರೊಳಗಿರುವುದನ್ನು ಮಾತ್ರ ಮರುಕೋಟಿಂಗ್‌ಗೆ ಕಳಿಸಿ, ಉಳಿದದ್ದಕ್ಕೆ ಬೋರ್ ಮಾಸ್ಕ್ ಮಾಡಿ ಬುಷ್ (ಬೋರ್‌ನೊಳಗೆ ಕೂರಿಸುವ ತೆಳು ಕೊಳವೆ) ಹಾಕುವ ಲೆಕ್ಕ ಹಾಕಿ.