ಜೊತೆಗಾರರನ್ನು ಸಂಭಾಳಿಸುವ ಮೂರು ಗೇಮ್‌ಗಳು: ನನ್ನ ಓಟು ಡ್ರ್ಯಾಗನ್ ಏಜ್: ಒರಿಜಿನ್ಸ್‌ಗೆ

ಮೊದಲೇ ಹೇಳಿಬಿಡುತ್ತೇನೆ. ಒಂದು ಪಾತ್ರವಾಗಿ ಕಥೆಯೊಳಗೆ ಆಡುವ ರೋಲ್‌ಪ್ಲೇಯಿಂಗ್ ಗೇಮ್‌ನಲ್ಲಿ ನಾಲ್ಕು ಜನರನ್ನು ಕಟ್ಟಿಕೊಂಡು ಊರೂರು ಅಲೆಯಬೇಕು ಅನ್ನಿಸಿದಾಗ ನಾನು ಇವತ್ತಿಗೂ ತೆಗೆಯುವುದು 2009ರ ಡ್ರ್ಯಾಗನ್ ಏಜ್: ಒರಿಜಿನ್ಸ್. ಸೇಲ್‌ನಲ್ಲಿ ಒಂದು ಸಿನಿಮಾ ಟಿಕೆಟ್ಟಿನ ದುಡ್ಡಿಗೆ ಸಿಕ್ಕಿತ್ತು. ಅದಾದ ಮೇಲೆ 3,000 ರೂಪಾಯಿ ಹತ್ತಿರ ಕೊಟ್ಟು ಬಾಲ್ಡರ್ಸ್ ಗೇಟ್ 3 ತೆಗೆದುಕೊಂಡೆ. ನಡುವೆ ಲೆಜೆಂಡರಿ ಎಡಿಷನ್ ಅನ್ನುವ ಸಂಗ್ರಹದಲ್ಲಿ ಮಾಸ್ ಎಫೆಕ್ಟ್ 2 ಆಡಿ ಮುಗಿಸಿದೆ. ಮೂರೂ ಒಳ್ಳೆಯ ಗೇಮ್‌ಗಳೇ. ಆದರೆ ನಮ್ಮ ಜೊತೆ ಬರುವ ಪಾತ್ರಗಳು, ಅಂದರೆ ಜೊತೆಗಾರರು, ಮತ್ತು ಕ್ವೆಸ್ಟ್‌ಗಳ (ಕಥೆ ಕೊಡುವ ಕೆಲಸಗಳ) ತೀರ್ಮಾನ ಒಂದಕ್ಕೊಂದು ಹೇಗೆ ತಳುಕು ಹಾಕಿಕೊಳ್ಳುತ್ತವೆ ಅನ್ನುವುದರಲ್ಲಿ ಮೂರಕ್ಕೂ ದೊಡ್ಡ ವ್ಯತ್ಯಾಸ ಇದೆ.

ಗ್ರಾಫಿಕ್ಸ್, ಫೈಟಿಂಗ್ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಕಥೆಯ ಗುಟ್ಟು ಮಾತ್ರ ಸುಮಾರು ಹೊರಬೀಳುತ್ತದೆ, ಇನ್ನೂ ಆಡದವರು ನೋಡಿಕೊಂಡು ಓದಿ.

ನಾನು ಆಡುವ ರೀತಿಯನ್ನೂ ಹೇಳಬೇಕು, ಯಾಕಂದ್ರೆ ತೀರ್ಪು ಅದರ ಮೇಲೇ ನಿಂತಿದೆ. ರಾತ್ರಿ ಊಟ ಆದ ಮೇಲೆ ಒಂದು ಗಂಟೆ, ರಜೆ ದಿನ ಸ್ವಲ್ಪ ಜಾಸ್ತಿ. ಒಂದು ಮಾತು ಆಡಿದ ಮೇಲೆ ಹಳೇ ಸೇವ್ ಲೋಡ್ ಮಾಡುವುದಿಲ್ಲ. ಆದದ್ದು ಆಯಿತು ಅಂತ ಮುಂದೆ ಹೋಗುತ್ತೇನೆ. ಹೀಗೆ ಆಡುವವರಿಗೆ ಜೊತೆಯಲ್ಲಿ ಯಾರಿದ್ದಾರೆ ಅನ್ನುವುದು ತುಂಬಾ ಮುಖ್ಯ.

ಒರಿಜಿನ್ಸ್‌ನಲ್ಲಿ ಕಾಯಿಲೆ ಬಿದ್ದ ಅರ್ಲ್ (ಸಾಮಂತ) ಈಮನ್‌ನನ್ನು ಉಳಿಸಲು ಆ ಲೋಕದ ಪ್ರವಾದಿ ಆಂಡ್ರಾಸ್ಟೆಯ ಪವಿತ್ರ ಭಸ್ಮ ಹುಡುಕಿಕೊಂಡು ಹೋಗುತ್ತೇವೆ. ದಾರಿಯಲ್ಲಿ ಒಬ್ಬ ಬಂದು, ಡ್ರ್ಯಾಗನ್ ರಕ್ತವನ್ನು ಆ ಭಸ್ಮಕ್ಕೆ ಸುರಿ, ನಿನಗೆ ಹೊಸ ಶಕ್ತಿ ಸಿಗುತ್ತದೆ ಅನ್ನುತ್ತಾನೆ. ಒಪ್ಪಬಹುದು. ಆದರೆ ಜೊತೆಗೆ ಮುದುಕಿ ಮಂತ್ರವಾದಿ ವಿನ್ ಇದ್ದರೆ, ಲೆಲಿಯಾನಾ ಇದ್ದರೆ, ಅವರು ಅಲ್ಲೇ ನಮ್ಮ ಮೇಲೆ ತಿರುಗಿ ಬೀಳುತ್ತಾರೆ. ಅಷ್ಟು ಹೊತ್ತು ನಮ್ಮ ಗಾಯ ವಾಸಿ ಮಾಡುತ್ತಿದ್ದ ಮುದುಕಿಯನ್ನೇ ಕೊಲ್ಲಬೇಕಾಗುತ್ತದೆ. ಅದೇ ದಾರಿಯ ಹೇವನ್ ಊರಿಗೆ ಇನ್ನೊಬ್ಬ ಜೊತೆಗಾರ ಸ್ಟೆನ್‌ನನ್ನು ಕರೆದುಕೊಂಡು ಹೋದರೆ ಅವನದು ಬೇರೆಯೇ ತಕರಾರು. ಅಲ್ಲಿ ಡಾರ್ಕ್‌ಸ್ಪಾನ್ ಅನ್ನುವ ರಾಕ್ಷಸ ಪಡೆಗಳು ದೇಶ ನುಂಗುತ್ತಿವೆ, ನೀನು ಇಲ್ಲಿ ಬೆಟ್ಟದ ಮೇಲೆ ಬೂದಿ ಹುಡುಕುತ್ತಿದ್ದೀಯಾ ಅಂತ ಅಡ್ಡ ನಿಲ್ಲುತ್ತಾನೆ. ಅವನ ನಂಬಿಕೆ ಗಳಿಸದೇ ಇದ್ದರೆ ಕತ್ತಿ ಹಿಡಿದು ಉತ್ತರ ಕೊಡಬೇಕು. ಅವನು ಕೇಳಿದ್ದರಲ್ಲಿ ನ್ಯಾಯವೂ ಇದೆ, ಅಲ್ವಾ?

ಕ್ವೆಸ್ಟ್ ಒಂದೇ. ಆದರೆ ಕ್ಯಾಂಪಿನಿಂದ ಯಾರನ್ನು ಕರೆದುಕೊಂಡು ಹೊರಟೆವು ಅನ್ನುವುದರ ಮೇಲೆ ಅದು ಬೇರೆ ಕಥೆ ಆಗುತ್ತದೆ. ನನಗೆ ಬೇಕಿರುವುದು ಇದೇ.

ಇನ್ನು ಲ್ಯಾಂಡ್ಸ್‌ಮೀಟ್, ಅಂದರೆ ದೇಶದ ಸಾಮಂತರ ಸಭೆ. ಆಸ್ಟಗಾರ್ ಯುದ್ಧದಲ್ಲಿ ಸೈನ್ಯ ಹಿಂದೆ ತೆಗೆದು ರಾಜನನ್ನು ಸಾಯಲು ಬಿಟ್ಟ ಲೋಗೇನ್ ಕೊನೆಗೆ ನಮ್ಮ ಕೈಗೆ ಸಿಗುತ್ತಾನೆ. ಅವನನ್ನು ಉಳಿಸಿ ಗ್ರೇ ವಾರ್ಡನ್ (ಡಾರ್ಕ್‌ಸ್ಪಾನ್ ವಿರುದ್ಧ ಹೋರಾಡುವ ನಮ್ಮ ಪಂಗಡದವನು) ಮಾಡಿಕೊಂಡರೆ ಒಬ್ಬ ನುರಿತ ಸೇನಾಪತಿ ಸಿಕ್ಕಂತೆ. ಆದರೆ ಮೊದಲಿನಿಂದ ಜೊತೆಗಿದ್ದ ಆಲಿಸ್ಟರ್ ಹೊರಟುಹೋಗುತ್ತಾನೆ. ಅವನ ಜೊತೆ ಎಷ್ಟೇ ಸ್ನೇಹ ಇರಲಿ, ಅಪ್ರೂವಲ್ (ಅವನ ಮೆಚ್ಚುಗೆಯ ಅಂಕ) ನೂರಕ್ಕೆ ನೂರು ಇರಲಿ, ನಿಲ್ಲುವುದಿಲ್ಲ. ತಂದೆಯ ಹಾಗಿದ್ದ ಡಂಕನ್ ಸತ್ತಿದ್ದು ಲೋಗೇನ್‌ನಿಂದ, ಅದನ್ನು ಅವನು ನುಂಗಿಕೊಳ್ಳಲಾರ. ಇಂಥ ಜಾಗದಲ್ಲಿ ನಂಬರ್ ಕೆಲಸಕ್ಕೆ ಬರಬಾರದು. ಒರಿಜಿನ್ಸ್‌ನಲ್ಲಿ ಬರುವುದಿಲ್ಲ.

ಬಾಲ್ಡರ್ಸ್ ಗೇಟ್ 3 ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಶತ್ರು ಪಡೆಯ ಮಿಂಥಾರಾ ಜೊತೆ ಸೇರಿ, ನಿರಾಶ್ರಿತರು ತಂಗಿರುವ ಎಮರಾಲ್ಡ್ ಗ್ರೋವ್ ಮೇಲೆ ದಾಳಿ ಮಾಡಿದರೆ ಜೊತೆಗಾರರಾದ ವಿಲ್ ಮತ್ತು ಕಾರ್ಲಾಕ್ ನಮ್ಮ ಮುಖ ನೋಡುವುದಿಲ್ಲ. ಕಾರ್ಲಾಕ್ ಎದೆಯೊಳಗಿನ ನರಕದ ಎಂಜಿನ್ ತಣ್ಣಗಾಗಿಸಲು ಡ್ಯಾಮನ್ ಅನ್ನುವ ಕಮ್ಮಾರ ಬೇಕು. ಅವನು ಇರುವುದು ಅದೇ ಗ್ರೋವ್‌ನ ಟೀಫ್ಲಿಂಗ್ ಅನ್ನುವ ಕೊಂಬಿನ ಜನರ ನಡುವೆ. ಅಂದರೆ ಮೊದಲ ಅಧ್ಯಾಯದಲ್ಲಿ ಊರು ಉಳಿಸಿದ್ದು ಎರಡನೇ ಅಧ್ಯಾಯದಲ್ಲಿ ಗೆಳತಿಯ ಜೀವಕ್ಕೆ ಬರುತ್ತದೆ. ತುಂಬಾ ಚೆನ್ನಾಗಿ ಹೆಣೆದಿದ್ದಾರೆ. ವಿಲ್‌ಗೆ ಕಾರ್ಲಾಕ್‌ಳನ್ನು ಕೊಲ್ಲು ಅನ್ನುವ ಅಪ್ಪಣೆ ಇರುತ್ತದೆ. ಕೊಲ್ಲದೆ ಬಿಟ್ಟರೆ ಅವನ ಹಣೆಗೆ ಕೊಂಬು ಮೂಡುತ್ತದೆ, ಮುಂದೆ ಗೇಮ್ ಉದ್ದಕ್ಕೂ ಹಾಗೇ ಇರುತ್ತದೆ.

ಹಾಗಿದ್ದರೆ ಅದಕ್ಕೆ ಯಾಕೆ ಓಟು ಇಲ್ಲ? ಒಂದೇ ಕಾರಣ: ಲಾಂಗ್ ರೆಸ್ಟ್, ಅಂದರೆ ರಾತ್ರಿ ಮಲಗುವುದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಾಲ್ಡರ್ಸ್ ಗೇಟ್ 3ರಲ್ಲಿ ಜೊತೆಗಾರರ ಮುಖ್ಯ ಮಾತುಕತೆಗಳಲ್ಲಿ ಬಹಳಷ್ಟು ನಡೆಯುವುದು ರಾತ್ರಿ ಕ್ಯಾಂಪಿನಲ್ಲಿ. ರಾತ್ರಿ ಆಗಬೇಕಾದರೆ ನಾವೇ ಲಾಂಗ್ ರೆಸ್ಟ್ ತೆಗೆದುಕೊಳ್ಳಬೇಕು. ಅದಕ್ಕೆ ಸಾಧಾರಣ ಮಟ್ಟದಲ್ಲಿ 40 ಕ್ಯಾಂಪ್ ಸಪ್ಲೈ (ಊಟದ ಸಾಮಾನು) ಬೇಕು, ಕಷ್ಟದ ಟ್ಯಾಕ್ಟಿಶಿಯನ್ ಮಟ್ಟದಲ್ಲಿ 80. ಒಂದು ರಾತ್ರಿಗೆ ಸಾಮಾನ್ಯವಾಗಿ ಒಂದೇ ದೊಡ್ಡ ಸನ್ನಿವೇಶ. ಉಳಿದವು ಸರದಿಯಲ್ಲಿ ಕಾಯುತ್ತವೆ. ಕಥೆ ಮುಂದಿನ ಅಧ್ಯಾಯಕ್ಕೆ ದಾಟಿದರೆ ಕಾಯುತ್ತಿದ್ದ ಕೆಲವು ಅಲ್ಲಿಗೇ ಹೋಯಿತು. ಜೊತೆಗಾರ್ತಿಯರಾದ ಲೇಜೆಲ್ ಮತ್ತು ಶ್ಯಾಡೋಹಾರ್ಟ್ ನಡುರಾತ್ರಿ ಚೂರಿ ಹಿಡಿದು ಜಗಳಕ್ಕೆ ನಿಲ್ಲುವಂಥ ಸನ್ನಿವೇಶವೂ ಹೀಗೇ ತಪ್ಪಿಹೋಗಬಹುದು.

ಸರಿ, ದಿನಾ ಮಲಗಿದರಾಯಿತು ಅನ್ನಬಹುದು. ಆದರೆ ಕಥೆ ಹೇಳುವುದು ಅದರ ಉಲ್ಟಾ. ಶುರುವಿನಲ್ಲೇ ತಲೆಯೊಳಗೆ ಒಂದು ಹುಳ ಸೇರಿಕೊಂಡಿರುತ್ತದೆ. ಕೆಲವೇ ದಿನಗಳಲ್ಲಿ ನಾವೆಲ್ಲ ಮೈಂಡ್ ಫ್ಲೇಯರ್ ಅನ್ನುವ ರಾಕ್ಷಸರಾಗಿಬಿಡುತ್ತೇವೆ ಅಂತ ಲೇಜೆಲ್ ಹೆದರಿಸುತ್ತಲೇ ಇರುತ್ತಾಳೆ. ಕಥೆಯನ್ನು ನಂಬಿ ಆಡುವವರು ಏನು ಮಾಡುತ್ತಾರೆ? ರೆಸ್ಟ್ ಉಳಿಸುತ್ತಾರೆ. ಗಾಯ ಕಟ್ಟಿಕೊಂಡು, ಶಾರ್ಟ್ ರೆಸ್ಟ್‌ನಲ್ಲೇ ಸುಧಾರಿಸಿಕೊಂಡು ಮುಂದೆ ಓಡುತ್ತಾರೆ. ನಾನೂ ಹಾಗೇ ಆಡಿದೆ. ಕಥೆಯನ್ನು ಗಂಭೀರವಾಗಿ ತೆಗೆದುಕೊಂಡವರಿಗೇ ಕಥೆ ಕಮ್ಮಿ ಸಿಗುತ್ತದೆ. ಇದು ನನಗೆ ಒಪ್ಪಿಗೆಯಾಗದ ಮಾತು.

ನಿಜ ಏನೆಂದರೆ ಆ ಹುಳಕ್ಕೆ ಗಡಿಯಾರವೇ ಇಲ್ಲ. ಎಷ್ಟು ರಾತ್ರಿ ಮಲಗಿದರೂ ಅದರಿಂದ ಏನೂ ಆಗುವುದಿಲ್ಲ. ಹಾಗಂತ ಎಲ್ಲೂ ಗಡಿಯಾರ ಇಲ್ಲವಾ ಅಂದರೆ ಅದೂ ಅಲ್ಲ. ವಾಕೀನ್ಸ್ ರೆಸ್ಟ್ ಅನ್ನುವ ತಂಗುಮನೆಗೆ ಬೆಂಕಿ ಬಿದ್ದಿದ್ದು ಕಂಡ ಮೇಲೆ ಮಲಗಿ ಎದ್ದು ಬಂದರೆ ಒಳಗಿದ್ದವರು ಸುಟ್ಟು ಸತ್ತಿರುತ್ತಾರೆ. ಗ್ರಿಮ್‌ಫೋರ್ಜ್‌ನಲ್ಲಿ ಬಂಡೆ ಕುಸಿದು ಸಿಕ್ಕಿಹಾಕಿಕೊಂಡ ನೇರೆ ಅನ್ನುವವನು ಕೂಡ ನಾವು ತಡ ಮಾಡಿದರೆ ಉಸಿರುಕಟ್ಟಿ ಸಾಯುತ್ತಾನೆ. ಯಾವ ಗಡಿಯಾರ ನಿಜ, ಯಾವುದು ಬರೀ ಮಾತು ಅಂತ ಮೊದಲ ಸಲ ಆಡುವವರಿಗೆ ತಿಳಿಯುವ ದಾರಿಯೇ ಇಲ್ಲ. ಹಾಗಾಗಿ ಎಲ್ಲವನ್ನೂ ನಿಜ ಅಂದುಕೊಂಡು ಓಡುತ್ತೇವೆ. ಅತ್ತ ಕ್ಯಾಂಪಿನಲ್ಲಿ ಇನ್ನೊಬ್ಬ ಜೊತೆಗಾರ ಗೇಲ್ ಏನೋ ಹೇಳಲು ಕಾದು, ತಲೆಯ ಮೇಲೆ ಆಶ್ಚರ್ಯಚಿಹ್ನೆ ಹೊತ್ತು ನಿಂತಿರುತ್ತಾನೆ.

ಒಂದು ಉಪಾಯ ಇದೆ. ಸಪ್ಲೈ ಹಾಕದೆಯೂ ಲಾಂಗ್ ರೆಸ್ಟ್ ಮಾಡಬಹುದು. ಮೈ ಪೂರ್ತಿ ಸುಧಾರಿಸುವುದಿಲ್ಲ, ಆದರೆ ರಾತ್ರಿ ಕಳೆಯುತ್ತದೆ, ಮಾತುಕತೆ ನಡೆಯುತ್ತದೆ. ದೊಡ್ಡ ಜಾಗ ಒಂದನ್ನು ಮುಗಿಸಿದ ಮೇಲೆ ಹೀಗೆ ಸುಮ್ನೆ ಎರಡು ಮೂರು ರಾತ್ರಿ ಮಲಗಿಸಿ ಎಬ್ಬಿಸಿದರೆ ಸರದಿ ಖಾಲಿಯಾಗುತ್ತದೆ. ಊಟದ ಸಾಮಾನೂ ಗೇಮ್ ತುಂಬಾ ಬಿದ್ದಿರುತ್ತದೆ, ಕೊರತೆ ಇಲ್ಲ. ಆದರೆ ರಾತ್ರಿ ಒಂದು ಗಂಟೆ ಆಡುವ ನನಗೆ, ಅದರಲ್ಲಿ ಅರ್ಧ ಹೊತ್ತು ಜನರನ್ನು ಮಲಗಿಸಿ ಎಬ್ಬಿಸುವುದರಲ್ಲೇ ಕಳೆಯುವುದು ಬೇಡ.

ಒರಿಜಿನ್ಸ್‌ನ ಕ್ಯಾಂಪಿನಲ್ಲಿ ಈ ಗೋಳಿಲ್ಲ. ಮ್ಯಾಪಿನಲ್ಲಿ ಕ್ಯಾಂಪ್ ಒತ್ತಿದರೆ ಬೆಂಕಿ ಸುತ್ತ ಎಲ್ಲರೂ ಇರುತ್ತಾರೆ. ಬೇಕಾದವರ ಹತ್ತಿರ ಹೋಗಿ ಬೇಕಾದಷ್ಟು ಮಾತಾಡಬಹುದು. ಅಪ್ರೂವಲ್ ಮೈನಸ್ ನೂರರಿಂದ ಪ್ಲಸ್ ನೂರರವರೆಗೆ ಕಣ್ಣೆದುರಿಗೇ ಕಾಣುತ್ತದೆ. ಅದು ಏರಿದ ಹಾಗೆ ಹೊಸ ಮಾತು ಸೇರುತ್ತದೆ, ಸಾಮಾನ್ಯವಾಗಿ ನಾವು ಹೋಗಿ ಕೇಳುವವರೆಗೂ ಅಲ್ಲೇ ಇರುತ್ತದೆ. ಎರಡು ವಾರ ಬಿಟ್ಟು ಬಂದು ಕೂತರೂ ಎಲ್ಲಿ ನಿಲ್ಲಿಸಿದ್ದೆನೋ ಅಲ್ಲಿಂದಲೇ ಮುಂದುವರಿಸಬಹುದು. ಜನರನ್ನು ಬದಲಾಯಿಸಲೂ ಒಬ್ಬೊಬ್ಬರ ಹತ್ತಿರ ಹೋಗಿ ಬಾ, ಇರು ಅನ್ನಬೇಕಿಲ್ಲ. ಹೊರಡುವಾಗ ಒಂದು ಪರದೆ ಬರುತ್ತದೆ, ಮೂವರನ್ನು ಆರಿಸಿ ನಡೆ. ಸಾಮಾನಿನ ಚೀಲವೂ ಎಲ್ಲರಿಗೂ ಒಂದೇ. ಬಾಲ್ಡರ್ಸ್ ಗೇಟ್ 3ರಲ್ಲಿ ಕ್ಯಾಂಪಿನಲ್ಲಿ ಉಳಿದವರ ಚೀಲ ನೋಡುವ ಸೌಕರ್ಯ ಬಂದದ್ದೇ 2023ರ ಕೊನೆಯ ಐದನೇ ಪ್ಯಾಚ್‌ನಲ್ಲಿ. ಅದಕ್ಕೂ ಮುಂಚೆ ಒಳ್ಳೆಯ ಬೂಟು ಯಾರ ಕಾಲಲ್ಲಿದೆ ಅಂತ ಹುಡುಕುವುದೇ ಒಂದು ಕ್ವೆಸ್ಟ್ ಆಗಿತ್ತು.

ಒರಿಜಿನ್ಸ್‌ನಲ್ಲಿ ಕೊರತೆ ಇಲ್ಲ ಅಂತಲ್ಲ. ಉಡುಗೊರೆಗಳ ವ್ಯವಸ್ಥೆ ನನಗೆ ಹಿಡಿಸುವುದಿಲ್ಲ. ಜೊತೆಗಿರುವ ಮಾಟಗಾತಿ ಮಾರಿಗನ್ ಎದುರು ಬಡವರಿಗೆ ಸಹಾಯ ಮಾಡಿ ಅವಳಿಗೆ ಸಿಟ್ಟು ಬರಿಸಿ, ಆಮೇಲೆ ಒಂದು ಸರ ಕೊಟ್ಟರೆ ಲೆಕ್ಕ ಸರಿ. ಕೊಟ್ಟ ಹಾಗೆಲ್ಲ ಉಡುಗೊರೆಯ ಬೆಲೆ ಕಮ್ಮಿಯಾಗುತ್ತಾ ಹೋಗುತ್ತದೆ ನಿಜ, ಆದರೂ ಸ್ನೇಹವನ್ನು ಅಂಗಡಿಯಿಂದ ತಂದ ಹಾಗೆ ಆಗುತ್ತದೆ. ನಾನು ಅವರವರ ಕಥೆಗೆ ಸೇರಿದ ವಸ್ತುಗಳನ್ನು ಮಾತ್ರ ಕೊಡುತ್ತೇನೆ. ಮಾರಿಗನ್‌ಗೆ ಮಂತ್ರವಾದಿಗಳ ಗೋಪುರದಲ್ಲಿ ಸಿಗುವ ಕಪ್ಪು ಪುಸ್ತಕ, ಸ್ಟೆನ್‌ಗೆ ಕಳೆದುಹೋದ ಅವನ ಕತ್ತಿ. ಹೀಗೆ ಆಡಿದರೆ ನಂಬರ್ ನಿಧಾನಕ್ಕೆ ಏರುತ್ತದೆ, ಸ್ನೇಹಕ್ಕೂ ತೂಕ ಬರುತ್ತದೆ.

ಇನ್ನೊಂದು ಬೀಗದ ಸಮಸ್ಯೆ. ಪೆಟ್ಟಿಗೆ ತೆಗೆಯಲು ರೋಗ್ ಕ್ಲಾಸಿನವರೇ, ಅಂದರೆ ಕಳ್ಳನ ಕೈಚಳಕದ ಕಸುಬಿನವರೇ ಬೇಕು. ನಾವು ರೋಗ್ ಅಲ್ಲದಿದ್ದರೆ ಒಂದು ಸೀಟು ಲೆಲಿಯಾನಾ ಅಥವಾ ಜೆವ್ರಾನ್‌ಗೆ ಮೀಸಲು. ಗಾಯ ವಾಸಿ ಮಾಡಲು ವಿನ್, ಏಟು ತಡೆಯಲು ಆಲಿಸ್ಟರ್ ಅಂತ ಸೇರಿಸಿದರೆ ನಾಲ್ಕೂ ತುಂಬಿತು. ಇನ್ನೊಬ್ಬ ಜೊತೆಗಾರ ಓಗ್ರೆನ್ ಪೂರ್ತಿ ಕ್ಯಾಂಪಿನಲ್ಲೇ ಕುಡಿದು ಕೂತಿರುತ್ತಾನೆ. ಇಲ್ಲಿ ಬಾಲ್ಡರ್ಸ್ ಗೇಟ್ 3ರದ್ದೇ ಮೇಲುಗೈ. ಕ್ಯಾಂಪಿನಲ್ಲಿರುವ ವಿದರ್ಸ್‌ಗೆ 100 ಚಿನ್ನದ ನಾಣ್ಯ ಕೊಟ್ಟರೆ ಯಾರ ಕ್ಲಾಸ್ ಬೇಕಾದರೂ ಬದಲಾಯಿಸಬಹುದು. ಇಷ್ಟವಾದವರನ್ನು ಕರೆದುಕೊಂಡು ಹೋಗಿ, ಬೇಕಾದ ಕೆಲಸ ಅವರಿಗೇ ಕಲಿಸಬಹುದು.

ಕಷ್ಟದ ಆಯ್ಕೆಯಿಂದ ನುಣುಚಿಕೊಳ್ಳಲು ಒರಿಜಿನ್ಸ್ ಒಂದು ಕಡೆ ಜಾಗ ಬಿಟ್ಟಿದೆ. ರೆಡ್‌ಕ್ಲಿಫ್‌ನಲ್ಲಿ ದೆವ್ವ ಹಿಡಿದ ಹುಡುಗ ಕಾನರ್‌ನನ್ನು ಕೊಲ್ಲಬೇಕು, ಇಲ್ಲವೇ ಅವನ ತಾಯಿಯನ್ನು ಬಲಿ ಕೊಡಬೇಕು. ಎದೆ ಹಿಂಡುವಂಥ ತೀರ್ಮಾನ. ಆದರೆ ಮಂತ್ರವಾದಿಗಳ ಗೋಪುರಕ್ಕೆ ಹೋಗಿ ಸಹಾಯ ತರುತ್ತೇನೆ ಅಂದರೆ ಇಬ್ಬರೂ ಉಳಿಯುತ್ತಾರೆ, ನಾವು ಹೋಗಿ ಬರುವವರೆಗೆ ಕೋಟೆಯಲ್ಲಿ ಏನೂ ಆಗುವುದಿಲ್ಲ. ಇಲ್ಲಾದರೂ ಒಂದು ಗಡಿಯಾರ ಇಡಬೇಕಿತ್ತು.

ಗಡಿಯಾರ ಅಂದರೆ ಮಾಸ್ ಎಫೆಕ್ಟ್ 2. 2010ರ ಈ ಬಾಹ್ಯಾಕಾಶದ ಗೇಮ್‌ನ ಕೊನೆಯ ಸೂಯಿಸೈಡ್ ಮಿಷನ್‌ನಲ್ಲಿ ಯಾರು ಬದುಕುತ್ತಾರೆ ಅನ್ನುವುದು ನಾವು ಅಲ್ಲಿಯವರೆಗೆ ಮಾಡಿದ್ದರ ಮೇಲೆ ನಿಂತಿದೆ. ಪ್ರತಿಯೊಬ್ಬರ ನಿಷ್ಠೆ ಗಳಿಸುವ ಲಾಯಲ್ಟಿ ಮಿಷನ್ ಮುಗಿಸಿದ್ದೀವಾ, ಹಡಗಿಗೆ ಗಟ್ಟಿ ಕವಚ ಹಾಕಿಸಿದ್ದೀವಾ, ಯಾರಿಗೆ ಯಾವ ಕೆಲಸ ಕೊಟ್ಟೆವು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕೊಳವೆಯೊಳಗೆ ನುಗ್ಗಿ ಬಾಗಿಲು ತೆಗೆಯಲು ತಂಡದ ಜೇಕಬ್ ತಾನೇ ಮುಂದೆ ಬರುತ್ತಾನೆ. ಕಳಿಸಿದರೆ ಸಾಯುತ್ತಾನೆ. ಅದು ಟಾಲಿ, ಲೀಜನ್‌ರಂಥ ತಂತ್ರಜ್ಞಾನ ಬಲ್ಲವರು ಮಾಡಬೇಕಾದ ಕೆಲಸ. ಜನರ ಜೊತೆ ಮಾತಾಡಿ ಅವರ ಕಸುಬು ತಿಳಿದುಕೊಂಡವರಿಗೆ ಇದು ಗೊತ್ತಾಗುತ್ತದೆ. ತಂಡ ಸಂಭಾಳಿಸುವುದಕ್ಕೆ ಇಷ್ಟು ಬೆಲೆ ಕೊಟ್ಟ ಗೇಮ್ ನಾನು ಇನ್ನೊಂದು ಆಡಿಲ್ಲ.

ಇದರ ಗಡಿಯಾರ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಒಂದು ಹಂತದಲ್ಲಿ ಹಡಗಿನ ಸಿಬ್ಬಂದಿಯನ್ನು ಶತ್ರುಗಳು ಹೊತ್ತೊಯ್ಯುತ್ತಾರೆ. ತಕ್ಷಣ ಹೊರಟರೆ ಎಲ್ಲರೂ ಸಿಗುತ್ತಾರೆ. ಒಂದು ಎರಡು ಮಿಷನ್ ಮಾಡಿ ಹೊರಟರೆ ಅರ್ಧ ಜನ ಸತ್ತಿರುತ್ತಾರೆ. ಇನ್ನೂ ತಡ ಮಾಡಿದರೆ ಡಾಕ್ಟರ್ ಚಾಕ್ವಾಸ್ ಒಬ್ಬಳೇ. ಲೀಜನ್ ನಮಗೆ ಸಿಗುವುದು ಇದಕ್ಕೆ ಸ್ವಲ್ಪ ಮುಂಚೆ. ಅವನ ಲಾಯಲ್ಟಿ ಮಿಷನ್ ಮುಗಿಸಲು ಸಿಗುವ ಸಮಯ ತೀರಾ ಕಮ್ಮಿ. ಬೇರೆ ಎಲ್ಲ ಕೆಲಸ ಮುಗಿಸಿಕೊಂಡೇ ಲೀಜನ್ ಸಿಗುವ ಆ ರೀಪರ್ ಐಎಫ್ಎಫ್ ಮಿಷನ್‌ಗೆ ಹೋಗಿ, ಲೀಜನ್‌ನನ್ನು ತಕ್ಷಣ ಎಬ್ಬಿಸಿ. ಇಷ್ಟು ನೆನಪಿಟ್ಟರೆ ಸಾಕು.

ಇದರಲ್ಲಿ ಉತ್ತರ ಆರಿಸುವ ಸಂಭಾಷಣೆಯ ಚಕ್ರ ನನಗೆ ಇಷ್ಟವಿಲ್ಲ. ಎರಡು ಮೂರು ಪದ ನೋಡಿ ಆರಿಸಿದರೆ ನಮ್ಮ ಪಾತ್ರ ಶೆಪರ್ಡ್ ಬೇರೆಯೇ ಧಾಟಿಯಲ್ಲಿ ಇನ್ನೇನೋ ಹೇಳುತ್ತಾನೆ. ನನ್ನ ಹಾಗೆ ಇಂಗ್ಲಿಷ್ ಮನೆಮಾತಲ್ಲದವರಿಗೆ ಪೂರ್ತಿ ವಾಕ್ಯ ಕಾಣುವುದು ಬೇಕು. ಒರಿಜಿನ್ಸ್ ಮತ್ತು ಬಾಲ್ಡರ್ಸ್ ಗೇಟ್ 3 ಎರಡರಲ್ಲೂ ಪೂರ್ತಿ ಕಾಣುತ್ತದೆ. ಇನ್ನು ಪ್ಯಾರಗಾನ್ (ಒಳ್ಳೆತನ, ನೀಲಿ ಬಣ್ಣ), ರೆನೆಗೇಡ್ (ಒರಟುತನ, ಕೆಂಪು ಬಣ್ಣ) ಅಂಕಗಳು. ತಂಡದ ಮಿರಾಂಡಾ ಮತ್ತು ಜ್ಯಾಕ್ ಜಗಳ ಬಿಡಿಸಿ ಇಬ್ಬರ ನಿಷ್ಠೆಯನ್ನೂ ಉಳಿಸಿಕೊಳ್ಳಲು ಯಾವುದಾದರೂ ಒಂದು ಬಣ್ಣದ ಅಂಕ ಜಾಸ್ತಿ ಇರಬೇಕು. ಹಾಗಾಗಿ ಪ್ರತಿ ಕ್ವೆಸ್ಟ್‌ನಲ್ಲೂ ಏನು ಸರಿ ಅಂತ ಯೋಚಿಸುವ ಬದಲು ಒಂದೇ ಬಣ್ಣ ಒತ್ತುತ್ತಾ ಹೋಗುವ ಅಭ್ಯಾಸ ಬೆಳೆಯುತ್ತದೆ.

ಧ್ವನಿ ನಟನೆ: ಮೂರರಲ್ಲಿ ಬಾಲ್ಡರ್ಸ್ ಗೇಟ್ 3 ಮುಂದೆ.

ಜೊತೆಗಾರರು ತಮ್ಮ ತಮ್ಮಲ್ಲೇ ಆಡುವ ಜಗಳ, ಕೀಟಲೆ: ಒರಿಜಿನ್ಸ್. ಆಲಿಸ್ಟರ್ ಮತ್ತು ಮಾರಿಗನ್ ಇಬ್ಬರನ್ನೂ ಒಟ್ಟಿಗೆ ಕರೆದುಕೊಂಡು ಹೋಗಿ ಕೇಳಿ.

ವಾರಕ್ಕೆ ಹತ್ತು ಹನ್ನೆರಡು ಗಂಟೆ ಬಿಡುವು ಇರುವವರು, 150 ಜಿಬಿ ಜಾಗವಿರುವ ಎಸ್ಎಸ್‌ಡಿ ಇರುವವರು ಬಾಲ್ಡರ್ಸ್ ಗೇಟ್ 3 ಧಾರಾಳವಾಗಿ ತೆಗೆದುಕೊಳ್ಳಬಹುದು. ಆಗಾಗ ಮಲಗಿ ಅನ್ನುವುದೊಂದೇ ನನ್ನ ಬುದ್ಧಿಮಾತು. ಒಂದು ತಿಂಗಳೊಳಗೆ ಕಥೆ ಮುಗಿಯಬೇಕು ಅನ್ನುವವರಿಗೆ ಮಾಸ್ ಎಫೆಕ್ಟ್ 2. ಮೂರು ಭಾಗವೂ ಇರುವ ಲೆಜೆಂಡರಿ ಎಡಿಷನ್ ಸೇಲ್‌ನಲ್ಲಿ ಆಗಾಗ ಇಳಿಯುತ್ತದೆ, ಪೂರ್ತಿ ಬೆಲೆ ಕೊಡಬೇಡಿ.

ಹಳೇ ಲ್ಯಾಪ್‌ಟಾಪ್, ಕಮ್ಮಿ ಬಜೆಟ್, ರಾತ್ರಿ ಒಂದು ಗಂಟೆ ಮಾತ್ರ ಬಿಡುವು ಅನ್ನುವವರು ಒರಿಜಿನ್ಸ್ ತೆಗೆದುಕೊಳ್ಳಿ. ಲೋದರಿಂಗ್ ಊರು ದಾಟುವ ಮುಂಚೆ ಪಂಜರದಲ್ಲಿರುವ ಸ್ಟೆನ್‌ನನ್ನು ಬಿಡಿಸಿಕೊಳ್ಳಿ, ಅಲ್ಲಿನ ಹೆಂಡದಂಗಡಿಗೆ ಹೋಗಿ ಲೆಲಿಯಾನಾಳನ್ನೂ ಕರೆದುಕೊಳ್ಳಿ. ಆ ಊರು ಆಮೇಲೆ ನಾಶವಾಗುತ್ತದೆ, ಬಿಟ್ಟುಬಂದವರು ಮತ್ತೆ ಸಿಗುವುದಿಲ್ಲ.