ಆರು ಐರಿಸ್ ಗೆಡ್ಡೆ ತರಿಸಿದೆ, ಉಳಿದದ್ದು ಎರಡು: 5ಕ್ಕೆ 3 ಸ್ಟಾರ್

ಅಮೆರಿಕದ ಡೆನ್ವರ್‌ನಲ್ಲಿದ್ದಾಗ ಒಂಬತ್ತು ವರ್ಷ ನಮ್ಮನೆ ಮುಂದೆ ಐರಿಸ್ ಅನ್ನೋ ಹೂಗಿಡ ಇತ್ತು. ಎಸಳಿನ ಮೇಲೆ ಕಂಬಳಿಹುಳ ಕೂತ ಹಾಗೆ ರೋಮದ ಗೆರೆ ಇರುತ್ತದಲ್ಲ, ಆ ಗಡ್ಡದ ಜಾತಿ. ಬೆಳೆಸಿದೆ ಅನ್ನೋಕೂ ನಾಚಿಕೆ. ಗೋಡೆ ಪಕ್ಕ ಊರಿ ಮರೆತಿದ್ದೆ. ಮೇ ಕೊನೆಗೆ ಸೊಂಟದೆತ್ತರ ಹೂವು ತಾನಾಗೇ ಬರುತ್ತಿತ್ತು.

ನಾರ್ತ್ ಕ್ಯಾರೊಲಿನಾದ ರಾಲಿಗೆ ಬಂದ ಮೇಲೆ, ಆಗಸ್ಟ್‌ನಲ್ಲಿ, ಪಶ್ಚಿಮ ತೀರದ ಒಂದು ನರ್ಸರಿಯಿಂದ ಆರು ಗೆಡ್ಡೆ ತರಿಸಿದೆ. ಒಂದಕ್ಕೆ 9 ಡಾಲರ್, ಸಾಗಣೆ ಬೇರೆ. ಮಾಲಿನಲ್ಲಿ ತಕರಾರಿಲ್ಲ. ಕಲ್ಲಿನ ಹಾಗೆ ಗಟ್ಟಿ ಗೆಡ್ಡೆ, ಬೇರು ಒಣಗಿಸಿ, ಎಲೆ ಬೀಸಣಿಗೆಯಂತೆ ಕತ್ತರಿಸಿ ಕಳಿಸಿದ್ದರು. ತಳಿಯ ಹೆಸರನ್ನು ಎಲೆ ಮೇಲೇ ಶಾಯಿಯಲ್ಲಿ ಬರೆದಿದ್ದರು. ಚೀಟಿ ಕಳೆದುಹೋಗುವ ತಾಪತ್ರಯವಿಲ್ಲ.

ನನ್ನ ಸಿಟ್ಟೆಲ್ಲ ಜೊತೆಗೆ ಬಂದ ಸೂಚನೆ ಹಾಳೆ ಮೇಲೆ. ಒಂದಿಂಚು ಮಣ್ಣು ಮುಚ್ಚಿ, ವಾರಕ್ಕೊಮ್ಮೆ ಚೆನ್ನಾಗಿ ನೀರು ಹಾಕಿ ಅಂತಿತ್ತು. ಒಣ ಊರಿಗೆ ಸರಿ. ಡೆನ್ವರ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ 15 ಇಂಚಿನ ಆಸುಪಾಸು, ಇಲ್ಲಿ ಅದರ ಮೂರು ಪಟ್ಟು. ಮೇಲಾಗಿ ಕೆಂಪು ಜೇಡಿಮಣ್ಣು, ಬಿದ್ದ ನೀರು ಇಳಿಯೋದೇ ಇಲ್ಲ. ಈ ಗಿಡದ ಮೂಲದ ಕಡೆ ಮಳೆ ಚಳಿಗಾಲದಲ್ಲಿ. ಬೇಸಿಗೆ ಒಣಗಿರುತ್ತದೆ, ಗೆಡ್ಡೆ ನಿದ್ದೆ ಮಾಡುತ್ತದೆ. ಇಲ್ಲಿ ಆ ನಿದ್ದೆ ಹೊತ್ತಿಗೇ ಸೆಕೆ, ತೇವ ಎರಡೂ ಒಟ್ಟಿಗೆ.

ನನ್ನದೂ ತಪ್ಪಿದೆ, ಮುಚ್ಚಿಡಲ್ಲ. ಮಲೆನಾಡಿನ ಸಾಗರ ಊರಿನ ಕಡೆಯವಳು ನಾನು. ಗೆಡ್ಡೆ ಕಂಡರೆ ಕೈ ಸುಮ್ನೆ ಶುಂಠಿ ಲೆಕ್ಕಕ್ಕೇ ಹೋಗುತ್ತದೆ. ಮೇಲೆ ದಪ್ಪಗೆ ಒಣ ಎಲೆ ಹೊದಿಸಿದೆ. ಸೆಪ್ಟೆಂಬರ್‌ನಲ್ಲಿ ನಾಲ್ಕು ದಿನ ಮಳೆ ಹಿಡಿಯಿತು. ಗಿಡದ ಎಲೆ ಹಿಡಿದು ಎಳೆದರೆ ಬುಡ ಸಮೇತ ಕೈಗೆ ಬಂತು. ಒಳಗೆ ಗಂಜಿಯಂತೆ ಮೆತ್ತಗೆ, ವಾಸನೆಯಂತೂ ಸತ್ತ ಇಲಿಯದು. ಬ್ಯಾಕ್ಟೀರಿಯಾದ ಕೊಳೆರೋಗ.

ಅಪ್ಪನಿಗೆ ಫೋನ್‌ನಲ್ಲಿ ತೋರಿಸಿದೆ. "ಏರುಮಡಿ ಮಾಡಿದ್ಯಾ ಇಲ್ವಾ ಮಾರಾಯ್ತಿ?" ಅಂದರು. ಇಲ್ಲ.

ನಾಲ್ಕು ಹೋದವು. ಎರಡರಲ್ಲಿ ಕೊಳೆತದ್ದನ್ನು ಗಟ್ಟಿ ಬಿಳಿ ತಿರುಳು ಕಾಣುವ ತನಕ ಕೊಯ್ದು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಅದ್ದಿ, ಒಣಗಿಸಿದೆ. ಆಮೇಲೆ ಸಣ್ಣ ಜಲ್ಲಿ ಬೆರೆಸಿದ ಏರುಮಡಿ ಮೇಲೆ, ಬೆನ್ನು ಬಿಸಿಲಿಗೆ ಕಾಣುವ ಹಾಗೆ ಕೂರಿಸಿದೆ. ಹೊದಿಕೆ ಇಲ್ಲ, ನೀರೂ ಅಪರೂಪ.

ನರ್ಸರಿಗೆ ಬರೆದೆ. ಮರುದಿನವೇ ಉತ್ತರ ಬಂತು. ಎರಡು ಗೆಡ್ಡೆ ಉಚಿತವಾಗಿ ಕಳಿಸಿದರು. "ನಿಮ್ಮ ಕಡೆ ಮಣ್ಣು ಮುಚ್ಚಬಾರದು" ಅಂತಲೂ ಬರೆದಿದ್ದರು. ಗೊತ್ತಿದ್ದ ಮೇಲೆ ಹಾಳೆಯಲ್ಲೇ ಒಂದು ಸಾಲು ಹಾಕಬಹುದಿತ್ತಲ್ವಾ? ಎರಡು ಸ್ಟಾರ್ ಕಡಿಮೆ ಆಗಿದ್ದು ಅದಕ್ಕೇ.

ಉಳಿದ ಎರಡರಲ್ಲಿ ಒಂದರ ಹೆಸರು 'ಇಮ್ಮಾರ್ಟಾಲಿಟಿ', ಅಂದರೆ ಅಮರತ್ವ. 1982ರಲ್ಲಿ ನೋಂದಣಿಯಾದ ಬಿಳಿ ತಳಿ. ಏಪ್ರಿಲ್‌ನಲ್ಲಿ ಹೂ ಬಿಟ್ಟಿತು, ಅಕ್ಟೋಬರ್‌ನಲ್ಲಿ ಇನ್ನೊಮ್ಮೆ! ತಂಗಿ ಊರಿಗೆ ಒಂದು ತುಂಡು ತಾ ಅಂತಿದ್ದಾಳೆ. ಮಲೆನಾಡಿನ ಮಳೆಯಲ್ಲಿ ಬದುಕಿದರೂ ಚಳಿ ಸಾಲದೆ ಹೂ ಬಿಡಲ್ಲ ಕಣೇ ಅಂದರೆ ನಂಬಲ್ಲ.

ಸೂರಿನ ನೀರು ಬೀಳುವ ಮೂಲೆಗೆ ಈ ಸಲ ಗಡ್ಡವಿಲ್ಲದ ಲೂಸಿಯಾನ ಐರಿಸ್ ತರಿಸಿದ್ದೇನೆ. ಅದಕ್ಕೆ ಕೆಸರೇ ಇಷ್ಟ.